ಗುಡುಗಿಗೆ ಯಾವುದು ಒಳ್ಳೆಯದು

ಕುತಾಯಿಸಿ ಊರು. ಬಿಳಿ ಸೇತುವೆ ದಾಟಿದರೆ
ಮೆಟ್ಟಿಲಡಿ ನಮ್ಮ ರಿಪೇರಿ ಅಂಗಡಿ.
ಗೊಂಬೆಯಾಟದ ತ್ಸಿಯಾಲಾ ಬಂದದ್ದು
ನವೆಂಬರಿನ ಒಂದು ಮಂಗಳವಾರ,
ಒಂದು ಕೈಯಲ್ಲಿ ಉಸಿರು ನಿಂತ ಲ್ಯಾಪ್‌ಟಾಪು,
ಇನ್ನೊಂದರಲ್ಲಿ ತೋಳದ ತಲೆ.

ತಲೆ ಯಾಕೆ ಎಂದು ನಾವು ಕೇಳಲಿಲ್ಲ.
ಅವಳೇ ಅಂದಳು: ದವಡೆಗೊಂದು ಸಣ್ಣ ಸ್ಕ್ರೂ ಬೇಕು,
ನಿಮ್ಮಲ್ಲಿ ಇದ್ದೇ ಇರುತ್ತದೆ.

ಆಮೇಲೆ ಭಾನುವಾರದ ಕಥೆ.
ತೋಳ ಮೇಕೆಮನೆಯ ಬಾಗಿಲಿಗೆ ಬಂದಿದೆ,
ಈಗ ಗುಡುಗಬೇಕು.
ಒತ್ತಿದಳು.
ಪರದೆ ನೀಲಿಗಟ್ಟಿತು:
ನವೀಕರಣ ನಡೆಯುತ್ತಿದೆ, ಆರಿಸಬೇಡಿ, ನೂರಕ್ಕೆ ಹನ್ನೆರಡು.
ತೋಳ ಕಾಯಿತು. ಮರಿಗಳೂ ಕಾದವು.
ಹದಿಮೂರು ಆಗುವಷ್ಟರಲ್ಲಿ
ಮೂರನೇ ಸಾಲಿನ ಹುಡುಗನೊಬ್ಬ ಎದ್ದು
ತಾನೇ ಗುಡುಗಿಬಿಟ್ಟ.

"ಈಗ ಹೇಳಿ ಎಲ್ಗುಜಾ,
ಗುಡುಗಿಗೆ ಯಾವುದು ಒಳ್ಳೆಯದು?"

ನನ್ನ ಯಜಮಾನ ಕನ್ನಡಕ ಹಣೆಗೇರಿಸಿದ.
ಇಂಥ ಪ್ರಶ್ನೆ ಅವನಿಗೆ ಹಬ್ಬ.
ಗಂಡು ನೋಡಲು ಬಂದವಳ ಮುಂದೆ ಕೂರಿಸಿದಂತೆ
ಮೂರು ಯಂತ್ರ ಸಾಲಾಗಿಟ್ಟ.

ಇದು ವಿಂಡೋಸು, ಊರೆಲ್ಲ ಬಲ್ಲದ್ದು.
ಯಾವ ಪ್ರಿಂಟರು ಕಟ್ಟಿದರೂ
ಎಲ್ಲೋ ನೋಡಿದ ಮುಖ ಅನ್ನುತ್ತದೆ.
ಇಪ್ಪತ್ತು ವರ್ಷದ ಹಿಂದಿನ ಲೆಕ್ಕದ ತಂತ್ರಾಂಶವನ್ನೂ
ಮುದಿಯೆನ್ನದೆ ಪಕ್ಕಕ್ಕೆ ಕೂರಿಸಿಕೊಳ್ಳುತ್ತದೆ.
ನೀವು ಮಲಗಿದಾಗ ಮನೆ ಗುಡಿಸುವ ನೆಂಟ;
ಒಮ್ಮೊಮ್ಮೆ ಉಣ್ಣುವಾಗಲೂ.

ಇದು ಮ್ಯಾಕು. ಏಳುವಾಗ ಒಂದೇ ಸ್ವರ, ತುಂಬಿದ್ದು.
ಎಡ ಮೂಲೆಯ ಕೆಂಪು ಚುಕ್ಕಿ ಒತ್ತಿದರೆ
ಕಿಟಕಿ ಮುಚ್ಚೀತು, ಒಳಗಿದ್ದವನು ಹೋಗುವುದಿಲ್ಲ,
ಕೆಳಗೆ ಚುಕ್ಕಿಯಷ್ಟು ದೀಪ ಹಚ್ಚಿಕೊಂಡು
ಕೂತೇ ಇರುತ್ತಾನೆ.
ಸದ್ದಿನ ವಿಷಯಕ್ಕೆ ಬಂದರೆ ಇದರ ಕಿವಿಯೇ ಕಿವಿ.
ಬೆಲೆ?
ಎಲ್ಗುಜಾ ಬೆಲೆ ಹೇಳಿದ.
ತೋಳ ಬಾಯಿ ಮುಚ್ಚಲಾಗದೆ ನೋಡುತ್ತಿತ್ತು.

ಇನ್ನು ಇದು, ಲಿನಕ್ಸು. ದುಡ್ಡಿಲ್ಲ,
ಬದಲಿಗೆ ನಿಮ್ಮ ಸಂಜೆಗಳನ್ನು ಕೊಡಬೇಕು.
ಕಪ್ಪು ಪರದೆಯಲ್ಲಿ ಗುಪ್ತಪದ ಬರೆದರೆ
ಒಂದು ನಕ್ಷತ್ರವೂ ಬೀಳದು,
ಕಲ್ಲಿನ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ.
ಹೇಳದೆ ಏನೂ ಮಾಡುವ ಪೈಕಿಯಲ್ಲ,
ಅಳಿಸು ಅಂದಿರೋ, ಅಳಿಸಿತು, ಖಾತ್ರಿಯಾ ಅಂತ ಕೇಳದು.
ದೊಡ್ಡಕ್ಷರದಲ್ಲಿ ಬರೆದ ಹೆಸರು ಒಬ್ಬನದು,
ಅದೇ ಚಿಕ್ಕಕ್ಷರದಲ್ಲಿ ಇನ್ನೊಬ್ಬನದು.
ಉಳಿದೆರಡಕ್ಕೆ ಇಬ್ಬರೂ ಒಬ್ಬನೇ.

ತ್ಸಿಯಾಲಾ ನಕ್ಕಳು:
"ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಲ್ಲಿಂದ ತರೋಣ?
ರಾಜ ಅಂತ ಬರೆದರೂ ರೊಟ್ಟಿ ಅಂತ ಬರೆದರೂ
ಎತ್ತರ ಒಂದೇ."

ನನ್ನನ್ನು ಯಾರೂ ಕೇಳಿರಲಿಲ್ಲ.
ದವಡೆಗೆ ಸ್ಕ್ರೂ ತಿರುಗಿಸುತ್ತ ಬಾಯಿ ಹಾಕಿದೆ:
ಇನ್ನೊಂದಿದೆ.
ತೆರೆದಿಟ್ಟ ಕಡತ ಅಳಿಸಹೋದರೆ
ವಿಂಡೋಸು ಸಾಮಾನ್ಯವಾಗಿ ಬಿಡುವುದಿಲ್ಲ,
ಯಾರದೋ ಕೈಲಿದೆ, ಅವರು ಬಿಡಲಿ ಅನ್ನುತ್ತದೆ.
ಲಿನಕ್ಸು ಪಟ್ಟಿಯಿಂದ ಹೆಸರು ತೆಗೆದೇಬಿಡುತ್ತದೆ.
ಆದರೆ ಓದುತ್ತ ಕೂತವನಿಗೆ
ಒಂದು ಸಾಲೂ ಕಡಿಮೆಯಾಗದು.
ಅವನು ಮುಚ್ಚುವ ತನಕ
ಹೆಸರಿಲ್ಲದೆ, ಇಡೀ,
ಅಲ್ಲೇ ಇರುತ್ತದೆ.

ಅವಳು ಬಹಳ ಹೊತ್ತು
ತೋಳದ ಕಿವಿಯ ಧೂಳು ಒರೆಸಿದಳು.
"ನಗರಸಭೆ ನಮ್ಮ ಹೆಸರು ತೆಗೆದು
ಎರಡು ಚಳಿಗಾಲವಾಯಿತು,
ನಾವಿನ್ನೂ ಮುಚ್ಚಿಲ್ಲ."

ಚೌಕಾಸಿ ಮಾಡಿ, ಒಂದು ಗುಂಡಿ ಉದುರಿದ
ಹಳೇ ಡಬ್ಬಿಯೊಂದನ್ನು ಕೊಂಡಳು.
ಲಿನಕ್ಸು ಹಾಕಿಕೊಟ್ಟೆ. ಸ್ಕ್ರೂಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ ನಾನೂ ಹೋದೆ.
ಹತ್ತೊಂಬತ್ತು ಮಕ್ಕಳು, ಇಬ್ಬರು ಅಜ್ಜಂದಿರು, ಸೀಮೆಎಣ್ಣೆ ಒಲೆ.
ತೋಳ ಬಂತು. ದವಡೆ ಚೆನ್ನಾಗಿ ಕೂತಿತ್ತು.
ತ್ಸಿಯಾಲಾ ಒತ್ತಿದಳು.
ನೀಲಿಯಿಲ್ಲ, ನೂರಕ್ಕೆ ಇಷ್ಟೆಂಬುದಿಲ್ಲ,
ಹೇಳಿದ್ದನ್ನು ಆ ಕ್ಷಣವೇ ಮಾಡಿತು ಯಂತ್ರ,
ಗುಡುಗನ್ನು ಮಾತ್ರ ಸ್ಪೀಕರಿಗೆ ಬಿಟ್ಟು
ಯಾರೂ ಜೋಡಿಸಿರದ ಇನ್ನಾವುದೋ ಕಿಂಡಿಗೆ ಕಳಿಸಿತು.

ನಾನು ತಂತಿಗಳ ಕಡೆ ತೆವಳಿದೆ.
ತಲೆಯೆತ್ತಿ ನೋಡಿದರೆ ಮೂರನೇ ಸಾಲಲ್ಲಿ
ಅದೇ ಹುಡುಗ
ಆಗಲೇ ಎದ್ದು ನಿಂತು
ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದ.