ನಾನೂರ ಹದಿನೇಳನೆಯ ಹೊಡೆತ

ತೋಮ್ಸ್ಕ್. ಹೊರಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ.
ನೆಲಮಾಳಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯ ವಾಸನೆ,
ಅದು ಗ್ಲಫೀರಾಳ ಶಾಲಿಗೂ ಹತ್ತಿದೆ, ಬುತ್ತಿಯ ಬ್ರೆಡ್ಡಿಗೂ.

ತೊಟ್ಟಿಯಲ್ಲಿ ಮುಳುಗಿ ಕೂತ ಕೆಪಾಸಿಟರುಗಳು
ಅಕ್ಕಪಕ್ಕ, ಒಂದೇ ಪಂಕ್ತಿಯಲ್ಲಿ,
ನಿಮಿಷಗಟ್ಟಲೆ ಕುಡಿಯುತ್ತವೆ.
ಕಿಡಿ ಹಾರಿತೋ,
ಒಂದರ ಹೆಗಲ ಮೇಲೊಂದು ಹತ್ತಿ ನಿಲ್ಲುತ್ತವೆ.
ಹನಿಗೂಡಿ ಹಳ್ಳ ಎನ್ನುತ್ತಾರಲ್ಲ,
ಇಲ್ಲಿ ಆ ಹಳ್ಳ ಪೂರ್ತಿ
ಮತ್ತೆ ಒಂದು ಹನಿಯೊಳಗೆ ಹೊಕ್ಕು ಸಿಡಿಯಬೇಕು,
ಐವತ್ತು ನ್ಯಾನೋಸೆಕೆಂಡು:
ಒಮ್ಮೆ ಎವೆಯಿಕ್ಕುವುದರೊಳಗೆ
ಅರವತ್ತು ಲಕ್ಷ ಸಲ ಮುಗಿದುಹೋಗುವಷ್ಟು ಪುಟ್ಟ ಹೊತ್ತು.

ಹಿತ್ತಾಳೆಯ ಗುರಿಫಲಕದ ಮೇಲೆ ಬೇಕಾದದ್ದು
ಗಸಗಸೆ ಕಾಳಿನಷ್ಟು ಗುರುತು.
ಮೂರು ತಿಂಗಳಿಂದ ಬರುತ್ತಿರುವುದು
ಚಹಾ ಲೋಟದ ಬುಡದ ಕಲೆ.

ಎಲೆಕ್ಟ್ರಾನುಗಳನ್ನು ದೂರಿ ಫಲವಿಲ್ಲ.
ದಾಯಾದಿಗಳ ಹಾಗೆ, ನಿಂತರೆ ಒಂದಕ್ಕೊಂದು ಆಗದು,
ಮೊಣಕೈಯಲ್ಲಿ ತಿವಿದು ದೂರ ತಳ್ಳುತ್ತವೆ.
ಜೊತೆಗೂಡಿ ಓಡತೊಡಗಿದರೆ ಮಾತ್ರ
ಆ ಓಟವೇ ಸುತ್ತಲೂ ಕಾಣದ ಬಳೆ ತೊಡಿಸಿ
ಒಳಕ್ಕೆ ಒತ್ತುತ್ತದೆ.
ತಳ್ಳುವುದೂ ಒತ್ತುವುದೂ ಹೆಚ್ಚೂಕಡಿಮೆ ಸಮಸಮ;
ಮಿಕ್ಕ ಚೂರು ಜಗಳಕ್ಕೆ
ಹೊರಗಿನ ಸುರುಳಿ ತಂತಿಯ ಕಾಂತ.
ಇಷ್ಟನ್ನೂ ರಿನಾತ್ ಗಲೀಮೊವಿಚ್
ಹಲಗೆ ತುಂಬ ಬರೆದಿದ್ದಾನೆ.
ಹಲಗೆ ಒಪ್ಪಿದೆ. ಹಿತ್ತಾಳೆ ಒಪ್ಪಿಲ್ಲ.

ಕ್ಯಾಥೋಡಿಗೆ ಮಖಮಲ್ಲು ಕತ್ತರಿಸುವವಳು ಗ್ಲಫೀರಾ.
ಮುಚ್ಚಿಹೋದ ರಂಗಮಂದಿರದ ಪರದೆ, ಕಡುಗೆಂಪು;
ಅದರ ಒಂದೊಂದು ನವಿರೂ ಬೆಂಕಿಯ ಬಾಯಾಗಿ
ಎಲೆಕ್ಟ್ರಾನು ಉಗುಳಬೇಕು.
ಹಿಂದೆ ಅದೇ ಪರದೆಗೆ ಅಂಚು ಹೊಲಿದವಳು ಅವಳು.
ನಾನೂರ ಹದಿನಾರು ಹಾಳಾದ ಸಂಜೆ
ಹೊಸ ಬಿಲ್ಲೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು
"ನವಿರೆಲ್ಲ ಒಂದೇ ಕಡೆಗೆ ಮಲಗಿದೆ, ನೋಡು" ಅಂದಳು,
"ಇಪ್ಪತ್ತು ವರ್ಷ ಕೆಳಮುಖವಾಗಿ ತೂಗಿದೆಯಲ್ಲ."

ಕೆಟಲಿನ ಹಬೆಗೆ ಒಡ್ಡಿದಳು.
ಹಲ್ಲುಜ್ಜುವ ಬ್ರಷ್ಷಿನಿಂದ ಎದುರು ಬಾಚಿ
ಒಂದೊಂದನ್ನೂ ಎಬ್ಬಿಸಿ ನಿಲ್ಲಿಸಿದಳು.
ರಾತ್ರಿಯಿಡೀ ಪಂಪು ಆ ಹಬೆಯನ್ನು ಹೀರಿತು.

ಬೆಳಿಗ್ಗೆ ಸೈರನ್. ಕಾಂಕ್ರೀಟು ಗೋಡೆಯಾಚೆ
ಯಾರೋ ಬಾಗಿಲು ಬಡಿದಂಥ ಸದ್ದು, ಅಷ್ಟೇ.

ಗಸಗಸೆಯಲ್ಲ. ಸಾಸಿವೆ.
ರಿನಾತ್ ಆ ಕುಳಿಯನ್ನು ಉಗುರಿನಿಂದ ಮುಟ್ಟಿದ, ಮತ್ತೆ ಮುಟ್ಟಿದ.
ದಾಖಲೆ ಪುಸ್ತಕದಲ್ಲಿ 'ಬದಲಾವಣೆ' ಎಂಬ ಅಂಕಣದಲ್ಲಿ
ಪೆನ್ನೂರಿ ಬಹಳ ಹೊತ್ತು ಕೂತ.
ಕಡೆಗೆ ಬರೆದ: ಬ್ರಷ್ಷು.