ಯಾರ ಜೊತೆ ಯಾರು

ಜೂನ್ ಒಂದಕ್ಕೆ ಬೈತಖೋಲದಲ್ಲಿ ಬೋಟು ಕಟ್ಟಿದೆವು.
ಎರಡು ತಿಂಗಳು ಸಮುದ್ರಕ್ಕೆ ಬೀಗ.
ಅದೇ ವಾರ ಅಮದಳ್ಳಿ ಕ್ವಾರ್ಟರ್ಸ್ ಖಾಲಿ ಮಾಡಿದ ನೇವಿಯವರೊಬ್ಬರು,
ಶೇವಂತಿಯ ಬುಟ್ಟಿಯ ಹಳೇ ಗಿರಾಕಿ,
ಲಾರಿಯಲ್ಲಿ ಹಿಡಿಸದ ಮೂರಡಿ ಗಾಜಿನ ತೊಟ್ಟಿಯನ್ನು
ನಮ್ಮ ಜಗಲಿಗೆ ಇಳಿಸಿ ಹೋದರು.
"ಇದರಲ್ಲಿ ಮೀನಿಗೆ ಉಪ್ಪು ಹಾಕಿಡೋದಾ?" ಎಂದಳು ಅವಳು.

ಕಾಜುಬಾಗದ ಅಂಗಡಿಯಲ್ಲಿ ಪ್ರಣಾಲಿ ದುರ್ಗೇಕರ್,
ಕಡಲ ಜೀವಶಾಸ್ತ್ರ ಓದಿದ ಹುಡುಗಿ.
ಮೀನು ಕೊಡು ಎಂದೆ.
"ಮೊದಲು ನೀರು ತನ್ನಿ" ಎಂದಳು.
ಬಾಟಲಿಯಲ್ಲಿ ಬಾವಿ ನೀರು ಒಯ್ದೆ.
ಹನಿ ಬಿಟ್ಟಳು, ಬಣ್ಣ ನೋಡಿದಳು,
ರಕ್ತ ತಪಾಸಣೆಯವರ ಹಾಗೆ ತುಟಿ ಕಚ್ಚಿದಳು.
"ಮೆದು ನೀರು. ಆಫ್ರಿಕಾದ ಸರೋವರದವು ಬೇಡ.
ಅವಕ್ಕೆ ಗಡಸು ಬೇಕು, ಕಲ್ಲು ಬೇಕು, ಜಗಳ ಬೇಕು.
ಗಿಡ ಇಡುತ್ತೀರಾ? ಹಾಗಾದರೆ ಆಸ್ಕರ್ ಮರೆತುಬಿಡಿ.
ತೋಟ ಅಗೆಯುತ್ತದೆ, ನೆರೆಯವರನ್ನು ನುಂಗುತ್ತದೆ,
ಆಮೇಲೆ ಗಾಜಿಗೆ ಮೂತಿಯೊತ್ತಿ
ನಿಮ್ಮನ್ನು ಬಹಳ ಪ್ರೀತಿಯಿಂದ ನೋಡುತ್ತದೆ.
ಏಂಜಲ್ ಬೇಕಾದರೆ ನಿಯಾನ್ ಬೇಡ.
ಎಳವೆಯಲ್ಲಿ ಗೆಳೆಯರು,
ಬಾಯಿ ದೊಡ್ಡದಾದ ಮೇಲೆ ಊಟ."

ನನಗೆ ನಗು ಬಂತು.
ಮೂವತ್ತೊಂದು ವರ್ಷ ಬಲೆ ಎಳೆದವನು,
ಯಾರಿಗೆ ಯಾರು ಒಗ್ಗುತ್ತಾರೆ ಎಂದು
ಒಂದು ದಿನವೂ ಕೇಳಿದವನಲ್ಲ.
ಬಂಗಡೆ, ತಾರ್ಲೆ, ಲೆಪ್ಪೆ, ಶೆಟ್ಲಿ, ಹೆಸರಿಲ್ಲದ ಕಚಡಾ
ಎಲ್ಲ ಬೀಳುವುದು ಒಂದೇ ಹಲಗೆಯ ಮೇಲೆ.
ಬಲೆಯೊಳಗೆ ಯಾರಿಗೆ ಯಾರೂ ಹೊರಗಿನವರಲ್ಲ.
ಐಸಿನಲ್ಲಂತೂ ಜಗಳವೇ ಇಲ್ಲ.

ಕಡೆಗೆ ಕೊಟ್ಟಳು:
ಒಂದೇ ಒಂದು ಜೋಡಿ ಕ್ರಿಬ್,
ಹೆಣ್ಣಿನ ಹೊಟ್ಟೆಯಲ್ಲಿ ಮುರುಗಲ ಹಣ್ಣಿನ ಬಣ್ಣ.
"ತಳ ಪೂರ್ತಿ ಇವರದ್ದು, ಅಲ್ಲಿ ಬೇರೆ ಬಾಡಿಗೆದಾರರು ಬೇಡ."
ಮೇಲೆ ಓಡಾಡಲು ಹನ್ನೆರಡು ಟೆಟ್ರಾ.
ಕಮ್ಮಿಯಾದರೆ ಹೆದರಿ ಬಣ್ಣ ಬಿಡುತ್ತವಂತೆ.
ಮನೆ ಮಾಡಲು ಅರ್ಧ ಗರಟೆ.
ಅನೂಬಿಯಾಸನ್ನು ಕಟ್ಟಿಗೆಗೆ ಬಿಗಿದೆ
ಬಲೆಯ ನೈಲಾನ್ ದಾರದಲ್ಲಿ, ಬಲೆಯದೇ ಗಂಟಿನಲ್ಲಿ.
ಬೆರಳಿಗೆ ಗೊತ್ತಿದ್ದದ್ದು ಅದೊಂದೇ.
ಹಿಂದೆ ಸಾಲಾಗಿ ವ್ಯಾಲಿಸ್ನೇರಿಯಾ, ರಿಬ್ಬನ್ನಿನಂಥ ಹುಲ್ಲು.

"ನಮ್ಮೂರಿನದು ಯಾವುದೂ ಇಲ್ಲವೇ ಈ ಜಾತಿಯಲ್ಲಿ?"
"ಇದೆಯಲ್ಲ, ಕಾಳುಂದರ.
ನೀವು ರವೆ ಹಚ್ಚಿ ಹುರಿಯುವುದು. ಅದೂ ಸಿಕ್ಲಿಡ್ಡೇ.
ಆದರೆ ಗಿಡದ ತೊಟ್ಟಿಗೆ ತರಬೇಡಿ."

ಯಾರು ಕೇಳುತ್ತಾರೆ.
ಸುಂಕೇರಿ ಹಿನ್ನೀರಲ್ಲಿ ಬುಟ್ಟಿಯೊಡ್ಡಿ ಒಂದು ತಂದೆ,
ಹೆಬ್ಬೆರಳುದ್ದ, ಮೈತುಂಬ ಮುತ್ತಿನ ಚುಕ್ಕಿ,
ಪರದೇಶಿಗಳ ನಡುವೆ ನಮ್ಮವನೊಬ್ಬ ಇರಲಿ ಎಂದು.
ಒಂಬತ್ತು ದಿನ.
ಹುಲ್ಲು ಕತ್ತಿಯಲ್ಲಿ ಸವರಿದ ಹಾಗಾಯಿತು.
ಗರಟೆಯ ಬಾಯಲ್ಲಿ ಗಂಡು ಕ್ರಿಬ್
ಹರಿದ ರೆಕ್ಕೆಯಲ್ಲೇ ಅಡ್ಡ ನಿಂತಿತ್ತು.
ಕರೆಂಟು ಹೋದ ರಾತ್ರಿ ಟಾರ್ಚು ಹಿಡಿದು ನೋಡಿದೆ.
ತಪ್ಪು ಕಾಳುಂದರದ್ದಲ್ಲ. ಅದಕ್ಕೆ ಹಸಿವು.
ಸೊಪ್ಪು ಕಂಡಿತು, ತಿಂದಿತು.

"ರವೆ ಇದೆ ಮನೆಯಲ್ಲಿ" ಎಂದಳು ಶೇವಂತಿ,
ಮೀನು ಕಾಣದ ತಿಂಗಳು.
ಆಮೇಲೆ ಅವಳೇ, "ಹಲ್ಲಿಗೂ ಸಾಲದು, ಬಿಡಿ."

ಬಕೆಟ್ಟಿನಲ್ಲಿ ಒಯ್ದೆ, ತಂದ ಜಾಗಕ್ಕೇ.
ನೀರಿನಿಂದ ಮೇಲೆ ತರುವುದಷ್ಟೇ ಗೊತ್ತಿದ್ದ ಕೈ
ಬಕೆಟ್ಟು ಓರೆ ಮಾಡಲು ಹೊತ್ತು ತೆಗೆದುಕೊಂಡಿತು.
ಆಚೆ ದಡದಲ್ಲಿ ಗಾಳ ಹಾಕಿ ಕೂತವನೊಬ್ಬ
ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು.
ಅದು ಅಲ್ಲೇ ಒಂದು ಗಳಿಗೆ ನಿಂತಿತು.
ಆಮೇಲೆ ಇರಲಿಲ್ಲ.

ಆಗಸ್ಟ್ ಒಂದು. ಬೋಟು ಬಿಟ್ಟೆವು.
ಕೂರ್ಮಗಡದ ಹತ್ತಿರ ಫೋನು:
"ಗರಟೆಯಿಂದ ಮರಿ ಹೊರಬಂದಿವೆ, ಸಾಸಿವೆಯಷ್ಟು, ಎಣಿಸಲಾಗದು.
ಟೆಟ್ರಾಗಳನ್ನೆಲ್ಲ ತಾಯಿ ಮೂಲೆಗೆ ಅಟ್ಟಿದ್ದಾಳೆ.
ಯಾರನ್ನು ತೆಗೀಲಿ, ಯಾರನ್ನು ಬಿಡಲಿ?"
ಪ್ರಣಾಲಿಯನ್ನು ಕೇಳು, ಎನ್ನುವಷ್ಟರಲ್ಲಿ
ಸಿಗ್ನಲ್ ಹೋಯಿತು.
ಹಿಂದೆ ಹುಡುಗರು
ಬಲೆ ಇಳಿಸುತ್ತಿದ್ದರು.