ಎಸೆದ ಚಿಪ್ಪು

ಈ ನೆಲವನ್ನು ಯಾರೂ ತಂದು ಸುರಿದದ್ದಲ್ಲ,
ತಿಂದು ಕಟ್ಟಿದ್ದು.

ಸಲೂಮ್ ನದಿ ಕಡಲಿಗೆ ಬಾಯಿ ಬಿಡುವಲ್ಲಿ
ಯಾಂದೆ ಚಿಕ್ಕಮ್ಮನ ಅಜ್ಜಿಯ ಅಜ್ಜಿಯರು
ಬಳಚು ಬೇಯಿಸಿ, ಮಾಂಸ ಒಣಗಲಿಟ್ಟು,
ಚಿಪ್ಪನ್ನು ಬೆನ್ನ ಹಿಂದಕ್ಕೆ ಎಸೆದರು. ಅಷ್ಟೆ.
ಎಸೆದದ್ದರ ಮೇಲೆ ಈಗ ಬವೋಬಾಬ್ ನಿಂತಿದೆ,
ಬೇರಿಗೆ ಸುಣ್ಣದ ರುಚಿ ಹತ್ತಿ.
ಕಾಲಿಟ್ಟರೆ ಇಡೀ ದ್ವೀಪ ಕರಕರ ಎನ್ನುತ್ತದೆ,
ಕಳ್ಳ ಬೆಕ್ಕೂ ಇಲ್ಲಿ ಗುಟ್ಟಾಗಿ ನಡೆಯಲಾರದು.

ಇಳಿತದ ಹೊತ್ತು.
ಕಾಂಡ್ಲದ ಬೇರು ಕೆಸರಲ್ಲಿ ಮೊಣಕಾಲೂರಿ ಎದ್ದಿದೆ,
ಬೇರು ಬೇರಿಗೂ ಕಲ್ವದ ಗೊಂಚಲು.
ಗಂಡೇಡಿ ತನ್ನ ಒಂದೇ ದೊಡ್ಡ ಕೈ ಬೀಸಿ ಕರೆಯುತ್ತದೆ,
ಹೋದರೆ ಬಿಲಕ್ಕೆ ಓಡುತ್ತದೆ.
ಕೆಸರುಮೀನು ನೆತ್ತಿಯ ಮೇಲೆ ಕಣ್ಣಿಟ್ಟುಕೊಂಡು
ನೀರೋ ನೆಲವೋ, ಇನ್ನೂ ತೀರ್ಮಾನಿಸಿಲ್ಲ.
ನೀರಹಸುವನ್ನು ನಾನು ಕಂಡಿಲ್ಲ.
ಉಸಿರು ಬಿಟ್ಟದ್ದು ಕೇಳಿದ್ದೇನೆ, ಒಮ್ಮೆ, ರಾತ್ರಿ,
ದೋಣಿಯ ಪಕ್ಕದಲ್ಲೇ, ಯಾರೋ ದಣಿದವರಂತೆ.

ನಾನು ಜೋಗೋಯ್. ರೀವ ಹಕ್ಕಿಯ ಮೊಟ್ಟೆ ಎಣಿಸುವವನು.
ಇಲಾಖೆಯ ಪುಸ್ತಕ, ಹಗ್ಗ, ಗೂಟ,
ತಲೆಗೆ ಎರಡು ಪದರ ಬಟ್ಟೆ:
ಕುಕ್ಕುವುದೂ ಉಂಟು, ಹಿಕ್ಕೆಯಂತೂ ಖಂಡಿತ.
ಗೂಡೆಂದರೆ ಮರಳಲ್ಲಿ ಹಿಮ್ಮಡಿಯಷ್ಟು ಗುಳಿ,
ಗುಳಿಗೆ ಒಂದೇ ಮೊಟ್ಟೆ, ಮಸಿ ಸಿಡಿದ ಹಾಗೆ ಚುಕ್ಕೆ.
ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ,
ಆ ಗದ್ದಲದಲ್ಲಿ ತಾಯಿ ತನ್ನದನ್ನು ಓದಿಕೊಳ್ಳುತ್ತದೆ.

ಮಂಗಳವಾರ ಬರೆದೆ: ನಾಲ್ಕು ಸಾವಿರದ ನೂರ ಹನ್ನೆರಡು.
ಗುರುವಾರ ಹುಣ್ಣಿಮೆಯ ಉಬ್ಬರ.
ಶುಕ್ರವಾರ ಗೂಟ ಹುಡುಕಿದೆ, ದಿಬ್ಬವೇ ಇರಲಿಲ್ಲ.
ಹೊಸ ಮೊಟ್ಟೆ ಮುಳುಗುತ್ತದೆ,
ಕಾವು ಕೂತದ್ದು ತೇಲುತ್ತದೆ.
ಎಷ್ಟೊಂದು ತೇಲುತ್ತಿದ್ದವು.
ಉಡವೊಂದು ಅವುಗಳ ನಡುವೆ ಈಜುತ್ತಿತ್ತು,
ಹಬ್ಬದೂಟಕ್ಕೆ ಬಂದ ನೆಂಟನ ಗತ್ತಿನಲ್ಲಿ.

ಪುಸ್ತಕದಲ್ಲಿ ಏನೆಂದು ಬರೆಯಲಿ, ಹೊಡೆದುಹಾಕಲೇ, ಎಂದೆ.
ಚಿಕ್ಕಮ್ಮ ಬಳಚು ತೊಳೆಯುತ್ತ ತಲೆ ಎತ್ತಲಿಲ್ಲ.
'ಯಾಕೆ? ಮಂಗಳವಾರ ಇದ್ದವಲ್ಲ.'
ಖಾಲಿ ಚಿಪ್ಪೊಂದು ಅವಳ ಭುಜದ ಮೇಲಿಂದ ಹಾರಿ
ನನ್ನ ಕಾಲ ಬಳಿ ಬಿತ್ತು.

ಹದಿನೆಂಟು ದಿನ ಕಳೆದು, ಉತ್ತರಕ್ಕೆ,
ನಕಾಶೆಯಲ್ಲಿ ಬರಿ ನೀಲಿ ಇರುವಲ್ಲಿ
ಸದ್ದು ಕೇಳಿ ದೋಣಿ ತಿರುಗಿಸಿದೆ.
ಇನ್ನೂ ಒದ್ದೆಯಿದ್ದ, ಹೆಸರಿಲ್ಲದ ಮರಳಲ್ಲಿ
ಒಂದು ಹೆಣ್ಣು ಎದೆಯೊತ್ತಿ, ಸುತ್ತಿ ಸುತ್ತಿ
ಗುಳಿ ತೋಡುತ್ತಿತ್ತು.
ಹಗ್ಗ ಮನೆಯಲ್ಲೇ ಬಿಟ್ಟು ಬಂದಿದ್ದೆ.